ಹಿಂದೆ ಕೂತು ಕಂಡ ಕಾಕಾ

ನಮ್ಮ ಕಾಕಾನ ಮುಖವನ್ನು ಊರೆಲ್ಲ ನೋಡಿದೆ. ಬೆನ್ನನ್ನು ನನ್ನಷ್ಟು ನೋಡಿದವರು ಯಾರೂ ಇಲ್ಲ. ಇಪ್ಪತ್ತೆರಡು ವರ್ಷ ಅವರ ಎಡಬದಿಗೆ, ಒಂದು ಮೊಳ ಹಿಂದೆ, ತಂಬೂರಿ ಹಿಡಿದು ಕೂತವಳು ನಾನು. ಜುಬ್ಬಾದ ಮೇಲೆ ಬೆವರು ಮೊದಲು ಎಲ್ಲಿ ಮೂಡುತ್ತದೆ, ನಿಧಾನದ ವಿಲಂಬಿತ ಮುಗಿಯುವ ಹೊತ್ತಿಗೆ ಅದು ಎಷ್ಟು ಅಗಲ ಹರಡುತ್ತದೆ, ಕುತ್ತಿಗೆಯ ಮೇಲಿನ ಗುಲಗಂಜಿಯಷ್ಟು ಮಚ್ಚೆ ಬಿರುಸಿನ ತಾನ್ ಹೊಡೆಯುವಾಗ ಹೇಗೆ ಕುಣಿಯುತ್ತದೆ, ಎಲ್ಲ ನನಗೆ ಬಾಯಿಪಾಠ. ಮುಂದೆ ಕೂತವರು ಆ ಮುಖ ನೋಡಿ ತಲೆದೂಗುತ್ತಿದ್ದರು. ಕಾಕಾ ಕಣ್ಣು ಮುಚ್ಚಿಕೊಂಡು ಹಾಡುತ್ತಾರೆಂಬುದು ನನಗೆ ಗೊತ್ತಾದದ್ದೇ ಪತ್ರಿಕೆಯಲ್ಲಿ ಬಂದ ಒಂದು ಫೋಟೋದಿಂದ. ಆ ಫೋಟೋದಲ್ಲಿ ತಂಬೂರಿಯ ಬುರುಡೆ ಇತ್ತು, ಅದನ್ನು ಹಿಡಿದ ನನ್ನ ಮೊಣಕೈ ಇತ್ತು. ಅಲ್ಲಿಗೆ ಚಿತ್ರ ಮುಗಿದಿತ್ತು.

ಪಂಡಿತ ನಾಗಣ್ಣ ಕಮಲಾಪುರ ಎಂದು ಪೋಸ್ಟರುಗಳಲ್ಲಿ ಅಚ್ಚಾಗುತ್ತಿದ್ದವರು ನಮ್ಮಪ್ಪನ ತಮ್ಮ. ಕಮಲಾಪುರದಲ್ಲಿ ನಮ್ಮದು ತೊಗರಿ, ಕೆಂಬಾಳೆ ಬೆಳೆಯುವ, ಜೊತೆಗೊಂದು ಕಿರಾಣಿ ಅಂಗಡಿ ಇರುವ ಮನೆತನ. ಹಾಡು ಅಲ್ಲಿ ಸೋಮವಾರದ ಭಜನೆಗಷ್ಟೇ ಸೀಮಿತ. "ಹಾಡೂದು ಕೆಲಸ ಅಲ್ಲೋ, ಕೆಲಸ ಮುಗಿದ ಮ್ಯಾಲ ಮಾಡೂದು" ಎಂದು ಅಜ್ಜ ಮಗನನ್ನು ಅಂಗಡಿಯಲ್ಲಿ ಕೂರಿಸಿದರೆ, ಮಗ ಒಂದು ದಿನ ತೊಗರಿ ಹೇರಿದ ಲಾರಿ ಹತ್ತಿ ಕಲಬುರಗಿಗೆ ಹೋಗಿ, ಮೋಮಿನಪುರದ ಒಬ್ಬ ಮುದಿ ಉಸ್ತಾದರ ಕಾಲು ಹಿಡಿದ. ಹದಿನಾಲ್ಕು ವರ್ಷ ಗುರುಗಳ ಮನೆಗೆ ನೀರು ಹೊತ್ತೆ ಎಂದು ಕಾಕಾ ನೂರು ಸಲ ಹೇಳುತ್ತಿದ್ದರು. ಹೇಳುವವರು ಅವರೊಬ್ಬರೇ ಆದ್ದರಿಂದ ನಂಬಬೇಕಾಗಿತ್ತು. ಮುಂದೆ ಸಂಗೀತದ ಮಾಸ್ತರಿಕೆ ಸಿಕ್ಕಿತು, ರೇಡಿಯೋದಲ್ಲಿ ಹಾಡಿದರು, ಐವಾನ್-ಎ-ಶಾಹಿಯ ಕಡೆ ಮನೆ ಮಾಡಿದರು. ಮಕ್ಕಳಾಗಲಿಲ್ಲ.

ನಾನು ಆ ಮನೆಗೆ ಹೋದದ್ದು ಹಾಡು ಕಲಿಯಲು ಅಲ್ಲ. ಕಾಕಾನ ಹೆಂಡತಿಗೆ, ನಮ್ಮ ಕಾಕುಗೆ, ಮೊಣಕಾಲು ಹಿಡಿದು ಕೆಳಗೆ ಕೂತು ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಹತ್ತನೇ ಇಯತ್ತೆ ಮುಗಿಸಿದ ನನ್ನನ್ನು, ಕಾಲೇಜೂ ಆಗುತ್ತದೆ, ಕಾಕುಗೆ ಆಸರೆಯೂ ಆಗುತ್ತದೆ ಎಂದು ಅವ್ವ ಕಳಿಸಿದಳು. ಬೆಳಗಿನ ಹೊತ್ತು ಹೊರಗಿನ ಕೋಣೆಯಲ್ಲಿ ಕಾಕಾ ರಿಯಾಜ್ ಮಾಡುತ್ತಿದ್ದರೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಕೇಳಿದ್ದನ್ನೇ ಗುನುಗುತ್ತಿದ್ದೆ. ತಂಬೂರಿ ಹಿಡಿಯುತ್ತಿದ್ದ ಶಿಷ್ಯನಿಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕು ಅವನು ಊರು ಬಿಟ್ಟ ವಾರ, ಕಾಕಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ಒಂದು ಸ್ವರ ಹಾಡಿ ತೋರಿಸಿ, ಇದನ್ನು ಹಿಡಿ ನೋಡೋಣ ಎಂದರು. ಹಿಡಿದೆ. ಇನ್ನೂ ಮೇಲಿನದು ಎಂದರು. ಅದನ್ನೂ ಹಿಡಿದೆ.

"ಇಕಿ ಆವಾಜು ಮ್ಯಾಲ ಛಲೊ ಹತ್ತತದ. ಕೈ ತೊಳ್ಕೊಂಡು ಬಾ," ಎಂದರು. ನನಗಾದ ದೀಕ್ಷೆ ಅಷ್ಟೇ. ಬಡಿಯದೇ ಉಳಿದ ನಾಲ್ಕು ರೊಟ್ಟಿಯ ಹಿಟ್ಟನ್ನು ಕಾಕು ಕಟ್ಟೆಗೆ ಒರಗಿ ನಿಂತುಕೊಂಡೇ ಮುಗಿಸಿದಳು.

ಅವರ ದನಿ ಗಂಡಸರ ದನಿಗಿಂತ ತೆಳು, ನನ್ನದು ಹೆಂಗಸರ ದನಿಗಿಂತ ದಪ್ಪ. ಎರಡೂ ನಡುವೆ ಒಂದು ಕಡೆ ಬೆರೆತುಹೋಗುತ್ತಿದ್ದವು. ಕಾಕಾ ನನಗೆ ಕಲಿಸಿದ ರೀತಿಯನ್ನು ಈಗ ನೆನೆಸಿಕೊಂಡರೆ, ಮನೆ ಕಟ್ಟುವವನಿಗೆ ಮಾಳಿಗೆ ಹಾಕುವುದನ್ನಷ್ಟೇ ಕಲಿಸಿದ ಹಾಗಿತ್ತು. ರಾಗವನ್ನು ಎಲ್ಲಿಂದ ಶುರು ಮಾಡಬೇಕು, ಕೆಳಗಿನ ಸ್ವರಗಳಲ್ಲಿ ಹೇಗೆ ಕಾಯಬೇಕು, ಯಾವಾಗ ಮೇಲಕ್ಕೆ ಏಳಬೇಕು, ಇದಾವುದನ್ನೂ ನನಗೆ ಹೇಳಿಕೊಡಲಿಲ್ಲ. ಕೇಳಿದರೆ "ಕೆಳಗಿಂದು ನಾ ನೋಡ್ಕೋತೀನಿ, ಮ್ಯಾಲಿಂದು ನೀ ನೋಡ್ಕೊ" ಎನ್ನುತ್ತಿದ್ದರು. ಕೆಳಗಿನದನ್ನು ಅವರು ನೋಡಿಕೊಳ್ಳುತ್ತಿದ್ದುದೇನೋ ನಿಜ. ಬೇಸಿಗೆಯ ಬೆಳಗ್ಗೆ, ಬಿಸಿಲು ಏರುವ ಮುಂಚೆ, ಅವರು ಕೆಳಗಿನ ಷಡ್ಜಕ್ಕೆ ಇಳಿದು ಅಲ್ಲೇ ಕೂತುಬಿಟ್ಟರೆ ಹಾಲು ಹಾಕಲು ಬಂದವನೂ ಕ್ಯಾನು ಕೆಳಗಿಟ್ಟು ನಿಲ್ಲುತ್ತಿದ್ದ. ಆ ಸ್ವರ ಕೇಳಿದವರು ಅವರನ್ನು ದ್ವೇಷಿಸುವುದು ಕಷ್ಟ. ನಾನು ಪ್ರಯತ್ನಪಟ್ಟು ಸೋತಿದ್ದೇನೆ.

ಕಾಕಾನ ಇನ್ನೊಂದು ಗುಣ ಊರಿಗೆಲ್ಲ ಗೊತ್ತಿತ್ತು. ಕಛೇರಿ ಮುಗಿದ ಮೇಲೆ ಕೈಮುಗಿದು ಎಲ್ಲರ ಹೆಸರು ಹಿಡಿದು ನೆನೆಯುತ್ತಿದ್ದರು. ತಬಲಾದ ಖಾದರ್ ಭಾಯಿ, ಹಾರ್ಮೋನಿಯಂನವರು, ಮೈಕಿನವನು, ಪೆಂಡಾಲು ಹಾಕಿದವನು, ನಡುವೆ ಒಂದು ಲೋಟ ಬಿಸಿನೀರು ತಂದುಕೊಟ್ಟವನು, ಎಲ್ಲರೂ ಬರುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದು ಜನ ಹೇಳುತ್ತಿದ್ದರು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಮೊದಲ ಐದಾರು ವರ್ಷ ನಾನು ಪ್ರತಿ ಸಲ ಕಿವಿ ನಿಮಿರಿಸಿ ಕಾಯುತ್ತಿದ್ದೆ. ಒಮ್ಮೆ ರಿಕ್ಷಾದಲ್ಲಿ ಮನೆಗೆ ಬರುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ಖರೇ ಖರೇ ಆಶ್ಚರ್ಯಪಟ್ಟು ನನ್ನ ಕಡೆ ತಿರುಗಿದರು.

"ಹುಚ್ಚಿ, ಮನಿಯವ್ರಿಗೆ ಯಾರರ ಥ್ಯಾಂಕ್ಸ್ ಹೇಳ್ತಾರೇನು?"

ಮನೆಯವರು ಎಂಬ ಒಂದೇ ಮಾತಿನಿಂದ ಮನುಷ್ಯರನ್ನು ಎಷ್ಟು ವರ್ಷ ಬೇಕಾದರೂ ಹಿಂದೆ ಕೂರಿಸಬಹುದು ಎಂದು ನನಗೆ ಆಗ ಗೊತ್ತಿರಲಿಲ್ಲ.

ನೌಕರಿಯಿಂದ ನಿವೃತ್ತರಾಗುವ ಹೊತ್ತಿಗೆ ಕಾಕಾನ ಮೇಲಿನ ಸ್ವರಗಳು ಸಡಿಲಾದವು. ವಯಸ್ಸಾದ ಗವಾಯಿಗಳಿಗೆ ಇದು ಹೊಸದಲ್ಲ. ಹಿಂದೆ ಕೂತ ಶಿಷ್ಯರು ಗುರುವಿನ ದನಿ ತಡವರಿಸುವ ಕಡೆ ತಾವು ಸೇರಿಕೊಂಡು ಅದನ್ನು ದಾಟಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ, ಅದರಲ್ಲಿ ನಾಚಿಕೆಯದೇನೂ ಇಲ್ಲ. ಆದರೆ ಕಾಕಾ ಈ ಕೆಲಸವನ್ನು ಇನ್ನೂ ನಯಗೊಳಿಸಿದ್ದರು. ಮೇಲಿನ ಷಡ್ಜ ಹತ್ತಿರ ಬರುತ್ತಿದ್ದಂತೆ ಅವರ ಎಡಗೈ ತೊಡೆಯಿಂದ ಜಾರಿ ಹಿಂದಕ್ಕೆ ಬರುತ್ತಿತ್ತು. ಎರಡು ಬೆರಳು ಜಮಖಾನದ ಮೇಲೆ ಎರಡು ಸಲ ತಟ್ಟುತ್ತಿದ್ದವು. ನಾನು ಸ್ವರ ಎತ್ತಿಕೊಳ್ಳಬೇಕು. ಅವರು ಬಾಯಿ ತೆರೆದು, ಬಲಗೈ ಆಕಾಶಕ್ಕೆ ಚಾಚಿ, ದನಿ ನಿಲ್ಲಿಸಿಬಿಡುತ್ತಿದ್ದರು. ನನ್ನ ಮೈಕು ಬೇರೆ ಇರುತ್ತಿರಲಿಲ್ಲ; ಅವರ ಮೈಕಿಗೇ ಬಾಗಿ ಹಾಡುತ್ತಿದ್ದೆ, ದನಿ ಕೂಡಿಸುತ್ತಿದ್ದಾಳೆಂದಷ್ಟೇ ಜನ ತಿಳಿಯುತ್ತಿದ್ದರು. ಸ್ವರ ನಿಂತಲ್ಲಿ ಚಪ್ಪಾಳೆ ಬೀಳುತ್ತಿತ್ತು. ಈ ವಯಸ್ಸಿನಲ್ಲೂ ಎಂಥ ಕಂಠ ಎಂದು ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಈ ಬೆರಳಿನ ಸಂಗತಿ ಗೊತ್ತಿದ್ದವರು ಲೋಕದಲ್ಲಿ ಮೂವರು: ಕಾಕಾ, ನಾನು, ಮತ್ತು ಬಲಬದಿಗೆ ಕೂತಿರುತ್ತಿದ್ದ ಖಾದರ್ ಭಾಯಿ.

ಆ ಕಾಲದಲ್ಲೇ ಮಹಾಗಾಂವದ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗ ಶಾಲೆ ಮಾಸ್ತರ. ಕನ್ಯಾ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿ ಹಾಡುತ್ತಾಳಂತೆ, ಒಂದು ಹಾಡಲಿ ಎಂದರು. ಕಾಕಾ ಖುಷಿಯಿಂದ ಹಾರ್ಮೋನಿಯಂ ಎಳೆದುಕೊಂಡರು. ನಾನು ಕೂತೆ, ಎಲ್ಲಿ ಕೂತೆನೆಂದರೆ ಅವರ ಎಡಬದಿಗೆ, ಒಂದು ಮೊಳ ಹಿಂದೆ. ಅವರು ಶ್ರುತಿ ಹಿಡಿದರು. ನಾನು ಕಾದೆ. ಅವರೂ ಕಾದರು. ಹುಡುಗನ ಕಡೆಯವರು ನನ್ನ ಬಾಯಿ ನೋಡುತ್ತಿದ್ದರು, ನಾನು ಕಾಕಾನ ಕುತ್ತಿಗೆಯ ಮಚ್ಚೆ ನೋಡುತ್ತಿದ್ದೆ. ಕೊನೆಗೆ ಕಾಕಾನೇ ಶುರು ಮಾಡಿದರು. ಎರಡನೇ ಸಾಲಿನ ತುದಿಗೆ ಬೆರಳು ತಟ್ಟಿದವು, ನಾನು ಸೇರಿಕೊಂಡೆ. ಹಾಡು ಮುಗಿದ ಮೇಲೆ ಹುಡುಗನ ತಾಯಿ ಬಹಳ ಮರ್ಯಾದೆಯಿಂದಲೇ ಕೇಳಿದಳು: "ಹುಡುಗಿಗೆ ಹಾಡ್ಲಿಕ್ಕೆ ಬರ್ತದ ಅಂದಿದ್ರಿ. ಹಾಡಿದವ್ರು ನೀವಽ ಅಲ್ರೀ?"

ಆ ಸಂಬಂಧ ಕೂಡಲಿಲ್ಲ. ಜಾತಕ ಹೊಂದಲಿಲ್ಲವೆಂದು ಹೇಳಿಕಳಿಸಿದರು. ಆಮೇಲೆ ಬಂದ ಎರಡೂ ಸಂಬಂಧದವರು ಮದುವೆಯಾದ ಮೇಲೆ ಹುಡುಗಿ ಕಛೇರಿಗೆ ಬರುವಂತಿಲ್ಲ ಎಂದರು, ಕಾಕಾ ಅವರನ್ನು ಚಹಾ ಮುಗಿಯುವ ಮುಂಚೆಯೇ ಎಬ್ಬಿಸಿದರು. ಕಲೆಗಾಗಿ ನಮ್ಮ ಹುಡುಗಿಯ ಪರವಾಗಿ ನಿಂತರು ಎಂದು ಅವ್ವ ಕಮಲಾಪುರದಲ್ಲಿ ಎಲ್ಲರ ಮುಂದೆ ಹೊಗಳಿಕೊಂಡಳು. ಕಾಕು ಮಾತ್ರ ಸಾಯುವ ವರ್ಷ ಒಮ್ಮೆ, ನನ್ನ ತಲೆ ಬಾಚುತ್ತಾ, ನೀನು ಈ ಮನೆಗೆ ಬರಬಾರದಿತ್ತು ಎಂದಳು. ಬಾಚಣಿಕೆ ನಿಲ್ಲಿಸಲಿಲ್ಲ.

ಕಾಕಾಗೆ ಎಪ್ಪತ್ತೈದು ತುಂಬಿದಾಗ ಶಿಷ್ಯರು, ಅಭಿಮಾನಿಗಳು ಸೇರಿ ಕಲಬುರಗಿಯಲ್ಲಿ ಅಮೃತ ಮಹೋತ್ಸವ ಇಟ್ಟುಕೊಂಡರು. ನನಗೆ ಆಗ ಮೂವತ್ತೆಂಟು. ಅದಕ್ಕೆ ಮೂರು ತಿಂಗಳ ಮುಂಚೆ ನಾನು ಕಾಕಾನ ಮುಂದೆ ಕೂತು ಒಂದೇ ಒಂದು ಮಾತು ಕೇಳಿಕೊಂಡೆ. ಅವತ್ತು ನಿಮ್ಮ ಕಛೇರಿಗೆ ಮುಂಚೆ ಹತ್ತು ನಿಮಿಷ ನಾನೊಬ್ಬಳೇ ಹಾಡುತ್ತೇನೆ, ನನ್ನ ಹೆಸರಿನಲ್ಲಿ. ಅವರು ತಕ್ಷಣ ಒಪ್ಪಿದರು. ಹತ್ತು ಯಾಕೆ, ಹದಿನೈದು ಹಾಡು ಎಂದರು. ನಾನು ಮೂರು ತಿಂಗಳು ಭೀಮಪಲಾಸಿ ರಾಗವೊಂದನ್ನೇ ಹಿಡಿದು ಕೂತೆ. ರಾಗ ಶುರು ಮಾಡುವುದನ್ನು ಖಾದರ್ ಭಾಯಿಯ ತಬಲಾ ದುರಸ್ತಿಯ ಅಂಗಡಿಯಲ್ಲಿ, ಚರ್ಮ ಒಣಹಾಕಿದ ಹಗ್ಗಗಳ ಕೆಳಗೆ ಕೂತು, ಕಳ್ಳತನದಲ್ಲಿ ಅಭ್ಯಾಸ ಮಾಡಿದೆ. ಖಾದರ್ ಭಾಯಿ ತಾಳಕ್ಕೆ ಠೇಕಾ ಹಿಡಿದುಕೊಂಡಿರುತ್ತಿದ್ದರು.

ಆಮಂತ್ರಣ ಪತ್ರಿಕೆ ಬಂತು. ನನ್ನ ಹೆಸರು ಕೊನೆಯ ಸಾಲಿನಲ್ಲಿ, ತಂಬೂರಿ ಎಂಬುದರ ಮುಂದೆ ಇತ್ತು. ಮರೆತಿರಬೇಕು, ವೇದಿಕೆಯ ಮೇಲೆ ಕರೆಯುತ್ತಾರೆ ಎಂದುಕೊಂಡೆ. ಅವತ್ತು ಸಂಜೆ ಭಾಷಣಗಳೆಲ್ಲ ಮುಗಿದ ಮೇಲೆ, ನಿರೂಪಕರು ಮುಂದೇನು ಎಂದು ಕಾಕಾನ ಕಿವಿಯ ಹತ್ತಿರ ಬಾಗಿ ಕೇಳಿದರು. ನಾನು ಹಿಂದೆಯೇ ಇದ್ದೆ, ಒಂದು ಮೊಳದ ದೂರದಲ್ಲಿ. ಕಾಕಾ ಹೇಳಿದ್ದು ಸ್ವಚ್ಛವಾಗಿ ಕೇಳಿಸಿತು.

"ಅಕಿದೇನು ಇದ್ದದ್ದಽ ಅದ. ಹೊತ್ತಾಗ್ಯಾದ, ನಾ ಶುರು ಮಾಡ್ತೀನಿ."

ಶುರು ಮಾಡಿದರು. ಚೆನ್ನಾಗಿಯೇ ಹಾಡಿದರು. ಕೆಳಗಿನ ಸ್ವರಗಳಲ್ಲಿ ಎಂದಿನಂತೆ ಸಭೆಯನ್ನೆಲ್ಲ ಕಟ್ಟಿ ಕೂರಿಸಿದರು. ಮೆಲ್ಲಗೆ ಏರುತ್ತಾ ಬಂದು, ಮೇಲಿನ ಷಡ್ಜದ ಹೊಸ್ತಿಲಿಗೆ ಬಂದು ನಿಂತಾಗ ಎಡಗೈ ಹಿಂದೆ ಬಂತು. ಬೆರಳು ಎರಡು ಸಲ ತಟ್ಟಿದವು. ನಾನು ತಂಬೂರಿ ಮೀಟುತ್ತಾ ಸುಮ್ಮನೆ ಕೂತೆ. ಬಲಗೈ ಆಗಲೇ ಮೇಲಕ್ಕೆ ಚಾಚಿತ್ತು, ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಬೆರಳು ಮತ್ತೆ ತಟ್ಟಿದವು, ಈ ಸಲ ಜೋರಾಗಿ. ನಾನು ಬಾಯಿ ತೆರೆಯಲಿಲ್ಲ. ಆಗ ಅವರು ತಾವೇ ಆ ಸ್ವರಕ್ಕೆ ಕೈ ಹಾಕಿದರು. ಹದಿನೈದು ವರ್ಷದಿಂದ ಮುಟ್ಟದೇ ಬಿಟ್ಟ ಸ್ವರ ಅದು. ಬಂದದ್ದು ಒಡೆದ ಕೂಗು. ಮುಂದಿನ ಸಾಲಿನಲ್ಲಿ ಯಾರೋ ತಲೆ ತಗ್ಗಿಸಿದರು, ಹಿಂದೆಲ್ಲೋ ಒಬ್ಬರು ನಕ್ಕರು. ಖಾದರ್ ಭಾಯಿ ತಬಲಾ ಏರಿಸಿ ಆ ಗಳಿಗೆಯನ್ನು ಹೇಗೋ ಮುಚ್ಚಿದರು. ಕಾಕಾನ ಬೆನ್ನು ನಡುಗುತ್ತಿತ್ತು. ಅದನ್ನು ನೋಡಿದವಳೂ ನಾನೊಬ್ಬಳೇ. ನನಗೆ ಆಗ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು. ಅದು ಮನೆ ಮುಟ್ಟುವವರೆಗೂ ಉಳಿಯಲಿಲ್ಲ ಅಷ್ಟೇ.

ಕಾಕಾ ನನ್ನನ್ನು ಬೈಯಲಿಲ್ಲ. ಅವತ್ತು ಜ್ವರವಿತ್ತು ಎಂದು ಎಲ್ಲರಿಗೂ ಹೇಳಿದರು. ತಿಂಗಳೊಳಗೆ ಮನೆ ಖಾಲಿ ಮಾಡಿ ಕಮಲಾಪುರಕ್ಕೆ, ನಮ್ಮ ಅಣ್ಣನ ಮನೆಗೆ ಹೋಗಿಬಿಟ್ಟರು. ಮತ್ತೆ ಎಲ್ಲಿಯೂ ಹಾಡಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಲು ಖಾದರ್ ಭಾಯಿಯ ಅಂಗಡಿಗೆ ಹೋದೆ. ಅವರು ಬಹಳ ಹೊತ್ತು ಸುತ್ತಿಗೆಯಿಂದ ತಬಲಾದ ಅಂಚು ಬಡಿಯುತ್ತಾ ಶ್ರುತಿ ನೋಡಿದರು.

"ಬೇಟಾ, ಅವ್ರು ಮಾಡಿದ್ದು ಗಲತ್. ನೀ ಮಾಡಿದ್ದೂ ಗಲತ್ ಅದ. ಆದ್ರ ಅವ್ರಿಗಿ ಮತ್ತೊಂದ್ ಆವಾಜ್ ಸಿಗಂಗಿಲ್ಲ, ನಿನಗ ಮತ್ತೊಬ್ರು ಉಸ್ತಾದ್ ಸಿಗಂಗಿಲ್ಲ," ಎಂದರು. ಮರುವರ್ಷ ಅವರು ತೀರಿಕೊಂಡರು.

ನಾನು ಕಲಬುರಗಿಯಲ್ಲೇ ಉಳಿದೆ. ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರಾರ್ಥನೆ, ಸ್ವಾಗತಗೀತೆ ಕಲಿಸುತ್ತೇನೆ. ಒಂಟಿಯಾಗಿ ಹಾಡಲು ಎರಡು ಸಲ ಅವಕಾಶ ಬಂತು. ಎರಡು ಸಲವೂ ಮೇಲಿನ ಸ್ವರಗಳಿಗೆ ಉಳಿದವರು ತಲೆದೂಗಿದರು, ಆದರೆ ನಾನು ಅಲ್ಲಿಗೆ ಮುಟ್ಟುವ ಮುಂಚೆಯೇ ಅರ್ಧ ಜನ ಎದ್ದುಹೋಗಿದ್ದರು. ರಾಗ ಕಟ್ಟುವುದು ನನಗೆ ಬರುವುದಿಲ್ಲ. ಅವರು ಶುರು ಮಾಡದೇ ಇದ್ದರೆ ನನ್ನ ದನಿಗೆ ಹೋಗಲು ಜಾಗವೇ ಗೊತ್ತಾಗುವುದಿಲ್ಲ.

ಕಾಕಾನನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಕಮಲಾಪುರದಲ್ಲಿ. ಎಂಬತ್ತು ದಾಟಿತ್ತು. ಕಣ್ಣು ಮಂದವಾಗಿದ್ದರೂ ಬುದ್ಧಿ ಚುರುಕಾಗಿತ್ತು. ಯಾವ ಊರಲ್ಲಿ ಯಾವ ತಬಲಾದವನು ತಾಳದ ಸಮ್ ತಪ್ಪಿಸಿದ ಎಂಬುದೂ ನೆನಪಿತ್ತು. ಆ ದಿನ ಕಲಬುರಗಿಯ ಕಾಲೇಜೊಂದರಿಂದ ಒಬ್ಬ ಅಧ್ಯಾಪಕಿ ಅವರ ಜೀವನದ ಬಗ್ಗೆ ಬರೆದುಕೊಳ್ಳಲು ಬಂದಿದ್ದರು. ನಾನು ಬಾಗಿಲ ಹತ್ತಿರ ಕೂತಿದ್ದೆ. ಮನಸ್ಸಿನಲ್ಲಿ ಒಂದೇ ಆಸೆ. ಪುಸ್ತಕದಲ್ಲಿ ಉಳಿಯುವ ಮಾತು ಇದು, ಮೇಲಿನ ಸ್ವರ ಯಾರದೆಂದು ಈಗಲಾದರೂ ಹೇಳಲಿ. ಜಗತ್ತಿಗೆ ಹೇಳದಿದ್ದರೆ ಬೇಡ, ಈ ಅಧ್ಯಾಪಕಿಯೊಬ್ಬರಿಗೆ ಹೇಳಲಿ.

ಅಧ್ಯಾಪಕಿ ಮೊಬೈಲಿನಲ್ಲಿ ಒಂದು ಹಳೆಯ ಕ್ಯಾಸೆಟ್ಟಿನ ಹಾಡು ಹಚ್ಚಿದರು. ಬೀದರಿನ ಮೆಹಫಿಲ್. ನನಗೆ ಮೊದಲ ಸಾಲಿಗೇ ಗೊತ್ತಾಯಿತು. ಅವತ್ತು ನನಗೆ ಮೈಸುಡುವ ಜ್ವರ. ಮೇಲಿನ ಷಡ್ಜವನ್ನು ಎತ್ತಿಕೊಂಡವಳು ನಡುವೆ ಉಸಿರು ಸಾಲದೆ ಒಮ್ಮೆ ಮುರಿದು, ಬಾಯಲ್ಲೇ ಉಸಿರೆಳೆದು, ಮತ್ತೆ ಅಲ್ಲೇ ಹೋಗಿ ನಿಂತಿದ್ದೆ. ಯಾಕೆ ಮುರಿದೆ ಎಂದು ಬಸ್ಸಿನಲ್ಲಿ ಹುಮನಾಬಾದ್ ಬರುವವರೆಗೂ ಬೈಸಿಕೊಂಡಿದ್ದೆ. ಮೊಬೈಲಿನಲ್ಲಿ ಆ ಸ್ವರ ಬಂತು. ಮುರಿಯಿತು. ಉಸಿರಿನ ಸದ್ದು ಕೇಳಿಸಿತು. ಮತ್ತೆ ಎದ್ದು ನಿಂತಿತು.

ಕಾಕಾನ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ. ನನ್ನ ಕಡೆ ಕೈ ಚಾಚಿ ಹತ್ತಿರ ಕರೆದು, ಮಣಿಕಟ್ಟು ಹಿಡಿದುಕೊಂಡರು.

"ಕೇಳಿದೇನು ಶಾಂತಾ? ಇದ್ರಾಗ ನೀ ಇಲ್ಲ ನೋಡು. ಇಲ್ಲಿ ನಾ ಒಬ್ಬನಽ ಅದೀನಿ. ಹಿಂಗಿತ್ತು ನನ್ನ ಆವಾಜು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ಹತ್ತಿರದಿಂದ, ಎದುರಿನಿಂದ ಅವರ ಮುಖವನ್ನು ನಾನು ನೋಡಿದ್ದೇ ಅಪರೂಪ, ಆದರೂ ಅದು ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು. ಕಾಕಾಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಮುಚ್ಚಿಡುತ್ತಾರೆ ಎಂಬ ಸಿಟ್ಟನ್ನು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದೆ. ಅವರಿಗೆ ನನ್ನ ದನಿಯ ಗುರುತೇ ಇರಲಿಲ್ಲ. ಅಧ್ಯಾಪಕಿ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಎಂಬತ್ತು ವರ್ಷದ ಮುದುಕನ ಕೈಯಿಂದ ಅವರ ಕೊನೆಯ ಸ್ವರ ಕಿತ್ತುಕೊಂಡಂತೆ.

"ಹೌದ್ರಿ ಕಾಕಾ, ನಿಮ್ದಽ ಅದ," ಎಂದೆ. ಅಧ್ಯಾಪಕಿ ಬರೆದುಕೊಂಡರು.

ಎರಡು ತಿಂಗಳಿಗೆ ಕಾಕಾ ತೀರಿಕೊಂಡರು. ಕಲಬುರಗಿಯ ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಬೀದರಿನ ಧ್ವನಿಮುದ್ರಣ ಹಚ್ಚಿದರು. ಆಮೇಲೆ ಮನೆಯವರ ಪರವಾಗಿ ಒಂದು ಹಾಡಲಿ ಎಂದು ನನ್ನನ್ನು ಕರೆದರು. ಹಾರ್ಮೋನಿಯಂನವರು ಶುರು ಮಾಡಿಕೊಟ್ಟರು, ನಾನು ಹಾಡಿದೆ. ಮೇಲಿನ ಷಡ್ಜಕ್ಕೂ ಹೋದೆ, ಮುರಿಯದೆ ನಿಂತೆ. ಕೆಳಗಿಳಿದಾಗ, ಕಾಕಾನ ಒಂದು ಕಛೇರಿಯನ್ನೂ ಬಿಡದ ಹಿರಿಯರೊಬ್ಬರು ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟರು.

"ಛಲೊ ಹಾಡ್ದಿ ತಂಗಿ. ಆದ್ರ ಈಗ ಕೇಳಿಸಿದ್ರಲ್ಲ ನಿಮ್ಮ ಕಾಕಾಂದು, ಆ ಷಡ್ಜ ನಿನಗ ಬರಲಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಜ್ವರದಲ್ಲಿ ಹಾಡಿದ ಆ ಸ್ವರ ನನಗೆ ಮತ್ತೆ ಬಂದಿಲ್ಲ.